ಹವಳಕ್ಕೆ ಕಾಯಿಲೆ ತಂದವರು ಯಾರು? ಐವತ್ತು ವರ್ಷಗಳ ಹುಡುಕಾಟ

ಹವಳ ಸತ್ತಿತು ಅಂದರೆ ನಾವು ಮೊದಲು ದೂರುವುದು ಬಿಸಿಯೇರಿದ ಕಡಲನ್ನು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹವಳದ ಮೈಮೇಲೆ, ಮೈಯೊಳಗೆ, ಸುತ್ತಲಿನ ನೀರು ಮತ್ತು ಮರಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಹವಳದ ಸಾವಿನಲ್ಲಿ ಅವುಗಳ ಪಾಲೆಷ್ಟು ಅನ್ನುವುದು ಹಳೆಯ ಜಗಳ. ಮೊದಲು ಎಲ್ಲರೂ ಹುಡುಕಿದ್ದು ಒಬ್ಬನೇ ಒಬ್ಬ ಅಪರಾಧಿಯನ್ನು. ಆ ಹುಡುಕಾಟ ನಡುದಾರಿಯಲ್ಲಿ ಬೇರೆ ಕಡೆ ಹೊರಳಿತು.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ದಿಬ್ಬ ಕಟ್ಟುವ ಹವಳಗಳ ಜೀವಕೋಶಗಳೊಳಗೆ ಪುಟ್ಟ ಪಾಚಿಗಳಿರುತ್ತವೆ. ಅವು ಬಿಸಿಲಲ್ಲಿ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತವೆ. ಆ ಸಂಪಾದನೆಯಲ್ಲಿ ದೊಡ್ಡ ಪಾಲನ್ನು ಹವಳ ಲೋಳೆಯಾಗಿ ಹೊರಗೆ ಬಿಡುತ್ತದೆ. ಬ್ಯಾಕ್ಟೀರಿಯಾಗಳಿಗೆ ಈ ಲೋಳೆಯೇ ಮನೆ, ಇದೇ ಊಟ.

ಎಷ್ಟು ಲೋಳೆ ಅಂತೀರಾ? ಆಸ್ಟ್ರೇಲಿಯಾದ ಹೆರಾನ್ ದ್ವೀಪದಲ್ಲಿ ಕ್ರಿಶ್ಚಿಯನ್ ವೈಲ್ಡ್ ಮತ್ತು ಜೊತೆಗಾರರು ಇದನ್ನು ಅಳೆದು 2004ರಲ್ಲಿ ಪ್ರಕಟಿಸಿದರು. ಇಳಿತದ ಹೊತ್ತಿನಲ್ಲಿ ಅಲ್ಲಿನ ಹವಳಗಳು ನೀರಿನಿಂದ ಹೊರಗೆ ಬಂದು ಬಿಸಿಲಿಗೆ ಮೈಯೊಡ್ಡುತ್ತವೆ. ಆಗ ಒಸರುವ ಲೋಳೆ ದಿನಕ್ಕೆ ಚದರ ಮೀಟರಿಗೆ 4.8 ಲೀಟರ್ ತನಕ ಹೋಗುತ್ತದೆ. ಅರ್ಧಕ್ಕಿಂತ ಜಾಸ್ತಿ ನೀರಲ್ಲಿ ಕರಗಿಹೋಗುತ್ತದೆ. ಉಳಿದದ್ದು ಎಳೆಎಳೆಯಾಗಿ ತೇಲುತ್ತಾ, ಸಿಕ್ಕಿದ ಕಸಕಡ್ಡಿಯನ್ನೆಲ್ಲ ಅಂಟಿಸಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತದೆ. ಅಲ್ಲಿನ ಮರಳಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ, ಅದರಲ್ಲಿದ್ದ ಪೋಷಕಾಂಶ ದಿಬ್ಬಕ್ಕೇ ವಾಪಸ್ ಸಿಗುತ್ತದೆ. ಹಾಗಾಗಿ ಹವಳದ ಬ್ಯಾಕ್ಟೀರಿಯಾ ಬೇರೆ, ಕಡಲಿನ ಬ್ಯಾಕ್ಟೀರಿಯಾ ಬೇರೆ ಅಂತ ನಡುವೆ ಗೋಡೆ ಕಟ್ಟಲು ಆಗುವುದಿಲ್ಲ.

ಕಥೆ ಶುರುವಾಗುವುದು 1970ರ ದಶಕದಲ್ಲಿ. 1973ರಲ್ಲಿ ಆರ್ನ್‌ಫ್ರೀಡ್ ಆಂಟೋನಿಯಸ್ ಕೆರಿಬಿಯನ್ ಕಡೆಯ ಹವಳಗಳಲ್ಲಿ ಒಂದು ವಿಚಿತ್ರ ರೋಗವನ್ನು ವರ್ಣಿಸಿದರು. ಹವಳದ ಮೇಲೆ ಕಪ್ಪು ಪಟ್ಟಿಯೊಂದು ದಿನಕ್ಕೆ ಕೆಲವು ಮಿಲಿಮೀಟರ್‌ನಂತೆ ಸರಿಯುತ್ತದೆ. ಪಟ್ಟಿಯ ಮುಂದೆ ಜೀವಂತ ಹವಳ, ಹಿಂದೆ ಬರೀ ಬಿಳಿ ಅಸ್ಥಿಪಂಜರ. ಆ ಪಟ್ಟಿಯನ್ನು ಪರೀಕ್ಷಿಸಿದರೆ ಒಳಗೆ ಇಡೀ ಗುಂಪೇ ಇತ್ತು. ಬಿಸಿಲಲ್ಲಿ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಾ, ಗಂಧಕ ತಿನ್ನುವ ಬ್ಯಾಕ್ಟೀರಿಯಾ, ಸಲ್ಫೈಡ್ ವಿಷ ಉಗುಳುವ ಬ್ಯಾಕ್ಟೀರಿಯಾ, ಎಲ್ಲವೂ ಒಟ್ಟಿಗೆ. ಪಟ್ಟಿಯ ಅಡಿಯಲ್ಲಿ ಆಮ್ಲಜನಕ ಖಾಲಿ, ಸಲ್ಫೈಡ್ ಭರ್ತಿ. ಅಲ್ಲಿ ಸಿಕ್ಕಿಬಿದ್ದ ಹವಳ ಉಸಿರುಗಟ್ಟಿ ಸಾಯುತ್ತದೆ. ಇವರಲ್ಲಿ ಯಾರೊಬ್ಬರ ಮೇಲೆ ಕೇಸು ಹಾಕುವುದು?

ಎರಡು ವರ್ಷದ ನಂತರ, 1975ರಲ್ಲಿ, ರಾಲ್ಫ್ ಮಿಚೆಲ್ ಮತ್ತು ಇಲಾನ್ ಚೆಟ್ ಮಾಡಿದ ಪ್ರಯೋಗಕ್ಕೆ ಆಗ ಸಿಗಬೇಕಾದಷ್ಟು ಬೆಲೆ ಸಿಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹವಳವಿದ್ದ ನೀರಿಗೆ ಸ್ವಲ್ಪವೇ ಸ್ವಲ್ಪ ಕಚ್ಚಾ ತೈಲ ಸೇರಿಸಿದರು. ಹವಳ ಲೋಳೆ ಸುರಿಸಿತು, ಬ್ಯಾಕ್ಟೀರಿಯಾ ಹೆಚ್ಚಿದವು, ಹವಳ ಸತ್ತಿತು. ಅದೇ ತೈಲದ ಜೊತೆ ಆ್ಯಂಟಿಬಯೋಟಿಕ್ ಹಾಕಿದಾಗ ಹವಳ ಬದುಕಿತು. ಅಂದರೆ ಅಷ್ಟು ತೈಲ ನೇರವಾಗಿ ಕೊಲ್ಲಲಿಲ್ಲ. ಮಾಲಿನ್ಯ ದಾರಿ ಮಾಡಿಕೊಟ್ಟಿತು, ಕೊಂದದ್ದು ಪಕ್ಕದಲ್ಲೇ ಇದ್ದ ಬ್ಯಾಕ್ಟೀರಿಯಾ. ಮುಂದೆ ದಶಕಗಳ ಕಾಲ ಬೇರೆಬೇರೆ ಕಡೆ ಕಂಡದ್ದೂ ಹೆಚ್ಚುಕಮ್ಮಿ ಇದೇ.

ಆದರೂ ಒಂಟಿ ಅಪರಾಧಿಯ ಆಸೆ ಹೋಗಲಿಲ್ಲ. 1996ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಏರಿಯಲ್ ಕುಶ್ಮಾರೊ, ಯುಜೀನ್ ರೋಸೆನ್‌ಬರ್ಗ್ ಮತ್ತು ಜೊತೆಗಾರರು ದೊಡ್ಡ ಸುದ್ದಿ ಕೊಟ್ಟರು. ಮೆಡಿಟರೇನಿಯನ್ ಕಡಲಿನ ಆಕ್ಯುಲಿನಾ ಪಟಗೋನಿಕಾ ಎಂಬ ಹವಳ ಬಿಳಿಚಿಕೊಳ್ಳುವುದಕ್ಕೆ, ಅಂದರೆ ಒಳಗಿನ ಪಾಚಿ ಕಳೆದುಕೊಂಡು ಬಿಳಿಯಾಗುವುದಕ್ಕೆ, ವಿಬ್ರಿಯೊ ಜಾತಿಯ ಒಂದು ಬ್ಯಾಕ್ಟೀರಿಯಾ ಕಾರಣ ಎಂದರು. ಅದಕ್ಕೆ ವಿಬ್ರಿಯೊ ಶಿಲೋಯಿ ಎಂದು ಹೆಸರಾಯಿತು. ನೀರು ತಣ್ಣಗಿದ್ದಾಗ ಅದು ತೆಪ್ಪಗಿರುತ್ತದೆ, ಬೇಸಿಗೆಯಲ್ಲಿ ನೀರು ಬೆಚ್ಚಗಾದರೆ ಹವಳಕ್ಕೆ ಅಂಟಿಕೊಂಡು ಒಳಗೆ ನುಗ್ಗುತ್ತದೆ. ಚಳಿಗಾಲದಲ್ಲಿ ಹವಳ ತಿನ್ನುವ ಒಂದು ಹುಳದ ಹೊಟ್ಟೆಯಲ್ಲಿ ಅಡಗಿರುತ್ತದೆ ಅನ್ನುವುದೂ ಆಮೇಲೆ ಗೊತ್ತಾಯಿತು. ಎಲ್ಲ ಸಾಕ್ಷಿಯೂ ಅಚ್ಚುಕಟ್ಟಾಗಿ ಕೂಡಿಬಂದಿತ್ತು.

ಅಷ್ಟರಲ್ಲಿ ಎಡವಟ್ಟಾಯಿತು. 2003ರ ಸುಮಾರಿಗೆ ಅದೇ ಹವಳಗಳಿಗೆ ಅದೇ ಬ್ಯಾಕ್ಟೀರಿಯಾ ಸೋಂಕಿಸಿದರೂ ಅವಕ್ಕೆ ಏನೂ ಆಗಲಿಲ್ಲ. ನಮ್ಮ ದೇಹ ಮಾಡುವಂಥ ಆ್ಯಂಟಿಬಾಡಿ ಹವಳದಲ್ಲಿಲ್ಲ. ಹಾಗಾದರೆ ಈ ಶಕ್ತಿ ಬಂದದ್ದು ಎಲ್ಲಿಂದ? 2006ರಲ್ಲಿ ರೋಸೆನ್‌ಬರ್ಗ್ ತಂಡವೇ ಒಂದು ಊಹೆ ಮುಂದಿಟ್ಟಿತು. ಹವಳ ತನ್ನ ಮೇಲಿನ ಬ್ಯಾಕ್ಟೀರಿಯಾಗಳ ಮಿಶ್ರಣವನ್ನು ಬದಲಿಸಿಕೊಂಡು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುತ್ತದೆ ಎಂಬ ಪ್ರೊಬಯಾಟಿಕ್ ಸಿದ್ಧಾಂತ ಅದು. 2008ರಲ್ಲಿ ಟ್ರೇಸಿ ಐನ್ಸ್‌ವರ್ತ್ ಮತ್ತಿತರರು ಇನ್ನೂ ಮುಂದೆ ಹೋಗಿ, ಆ ಹವಳ ಬಿಳಿಚುವುದಕ್ಕೆ ಬ್ಯಾಕ್ಟೀರಿಯಾ ಮೂಲ ಕಾರಣವೇ ಅಲ್ಲ ಎಂದು ವಾದಿಸಿದರು. ಬಿಸಿಗೆ ಹವಳ ಮತ್ತು ಪಾಚಿಯ ನಂಟು ಮುರಿಯುವುದರಿಂದಲೇ ಬಹುಪಾಲು ಬಿಳಿಚುವಿಕೆ ಆಗುತ್ತದೆ ಅನ್ನುವುದೇ ಇವತ್ತಿನ ಸಾಮಾನ್ಯ ತಿಳಿವಳಿಕೆ.

ಈ ನಡುವೆ ಉಪಕರಣಗಳು ಬದಲಾಗಿದ್ದವು. ಹಳೆಯ ಕಾಲದಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಕಡಲಿನ ಬ್ಯಾಕ್ಟೀರಿಯಾಗಳಲ್ಲಿ ಹಾಗೆ ಬೆಳೆಯುವುದು ಶೇ 1ಕ್ಕಿಂತ ಕಮ್ಮಿ. ಫಾರೆಸ್ಟ್ ರೋವರ್ ತಂಡ ತಟ್ಟೆ ಬಿಟ್ಟು ನೇರವಾಗಿ ಡಿಎನ್‌ಎ ಓದಿತು. 2002ರಲ್ಲಿ ಪನಾಮಾ ಮತ್ತು ಬರ್ಮುಡಾದ ಮೂರು ಜಾತಿಯ ಹವಳಗಳ 14 ಮಾದರಿಗಳಲ್ಲೇ 430 ಬಗೆಯ ಬ್ಯಾಕ್ಟೀರಿಯಾ ಸಿಕ್ಕವು. ದೂರದೂರದಲ್ಲಿದ್ದರೂ ಒಂದೇ ಜಾತಿಯ ಹವಳಗಳಲ್ಲಿ ಹೋಲುವ ಬ್ಯಾಕ್ಟೀರಿಯಾ ಇದ್ದವು, ಪಕ್ಕದಲ್ಲೇ ಇದ್ದ ಬೇರೆ ಜಾತಿಯ ಹವಳದಲ್ಲಿ ಬೇರೆಯವು. ಸುತ್ತಲಿನ ನೀರಿಂದ ಸುಮ್ನೆ ಬಂದು ಅಂಟಿಕೊಂಡವಲ್ಲ ಅಂತಾಯಿತು.

ಹಾಗಂತ ನೀರಿಗೆ ಪಾತ್ರವೇ ಇಲ್ಲ ಅಂತಲ್ಲ. ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಗಳ ಎಲ್ಕ್‌ಹಾರ್ನ್ ಹವಳಗಳ ಮೇಲೆ ಬಿಳಿ ಕಲೆ ಎಬ್ಬಿಸಿದ ರೋಗಕ್ಕೆ ಸೆರಾಷಿಯಾ ಮಾರ್ಸೆಸೆನ್ಸ್ ಕಾರಣ ಎಂದು 2002ರಲ್ಲಿ ವರದಿಯಾಯಿತು. ಅದು ಮನುಷ್ಯರ ಕರುಳಲ್ಲೂ ಇರುವ ಬ್ಯಾಕ್ಟೀರಿಯಾ. ಮನುಷ್ಯರ ಚರಂಡಿ ನೀರಿನ ತಳಿಯೇ ಹವಳಕ್ಕೆ ರೋಗ ತರುತ್ತದೆ ಎಂದು 2011ರಲ್ಲಿ ಪ್ರಯೋಗದಿಂದ ತೋರಿಸಿದರು. ಕಾಯಿಲೆ ನಮ್ಮಿಂದ ಪ್ರಾಣಿಗೆ ದಾಟಿದ ಉದಾಹರಣೆ, ಅದೂ ಬೆನ್ನೆಲುಬಿಲ್ಲದ ಪ್ರಾಣಿಗೆ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಜೆನಿಫರ್ ಸ್ಮಿತ್ ಮತ್ತು ಜೊತೆಗಾರರ 2006ರ ಪ್ರಯೋಗ. ಒಂದು ಪೆಟ್ಟಿಗೆಯಲ್ಲಿ ಈ ಕಡೆ ಹವಳ, ಆ ಕಡೆ ಕಡಲಪಾಚಿ. ನಡುವೆ 0.02 ಮೈಕ್ರಾನ್ ಸೋಸುಪರದೆ. ಬ್ಯಾಕ್ಟೀರಿಯಾ ಇರಲಿ, ಬಹುತೇಕ ವೈರಸ್ ಕೂಡ ಅದರಲ್ಲಿ ದಾಟಲಾರವು. ಆದರೂ ಹವಳ ಸತ್ತಿತು. ಆ್ಯಂಟಿಬಯೋಟಿಕ್ ಹಾಕಿದಾಗ ಉಳಿಯಿತು. ಪಾಚಿ ಬಿಟ್ಟ ಕರಗುವ ಸಕ್ಕರೆಯಂಥ ವಸ್ತುಗಳು ಪರದೆ ದಾಟಿ ಬಂದು ಹವಳದ ಮೈಮೇಲಿದ್ದ ಬ್ಯಾಕ್ಟೀರಿಯಾಗಳನ್ನೇ ಕೊಬ್ಬಿಸಿದವು, ಅವು ಆಮ್ಲಜನಕ ಕುಡಿದು ಮುಗಿಸಿದವು. ಮಿಚೆಲ್ ಮತ್ತು ಚೆಟ್ ನೆನಪಾಗುತ್ತಾರೆ ಅಲ್ವಾ?

ಅತಿಯಾಗಿ ಮೀನು ಹಿಡಿದರೆ ಪಾಚಿ ತಿನ್ನುವ ಮೀನು ಕಮ್ಮಿಯಾಗಿ ಪಾಚಿ ಹಬ್ಬುತ್ತದೆ. ಪಾಚಿಯ ಹಿಂದೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಪೆಸಿಫಿಕ್‌ನ ಲೈನ್ ದ್ವೀಪಗಳಲ್ಲಿ ಇದರ ಗುರುತು ಸಿಕ್ಕಿತು. ಜನವಸತಿ ಇಲ್ಲದ ಕಿಂಗ್‌ಮನ್‌ಗಿಂತ ಜನವಸತಿ ಇರುವ ಕಿರಿಟಿಮಾಟಿಯ ನೀರಿನಲ್ಲಿ ಸೂಕ್ಷ್ಮಜೀವಿಗಳು ಹತ್ತು ಪಟ್ಟು ಜಾಸ್ತಿ ಎಂದು 2008ರಲ್ಲಿ ಪ್ರಕಟವಾಯಿತು. ಅಲ್ಲಿನ ಹವಳಗಳಲ್ಲಿ ರೋಗವೂ ಜಾಸ್ತಿ ಇತ್ತು.

ಇಷ್ಟೆಲ್ಲ ಗೊತ್ತಿದ್ದೂ 2014ರಲ್ಲಿ ಮಯಾಮಿ ಹತ್ತಿರ ಕಾಣಿಸಿಕೊಂಡ ಹೊಸ ರೋಗದ ಮುಂದೆ ಎಲ್ಲರೂ ತಬ್ಬಿಬ್ಬಾದರು. ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಟ್ಟಿ ಹವಳಗಳ ಮಾಂಸ ಕಳಚಿ ಬೀಳುತ್ತದೆ. ಅದು ಕೆರಿಬಿಯನ್ ಉದ್ದಕ್ಕೂ ಹಬ್ಬಿದೆ. ಕಾರಣವಾದ ಜೀವಿ ಇನ್ನೂ ಸಿಕ್ಕಿಲ್ಲ. ಮುಳುಗುಗಾರರು ಗಾಯದ ಮೇಲೆ ಅಮಾಕ್ಸಿಸಿಲಿನ್ ಲೇಪ ಹಚ್ಚುತ್ತಾರೆ. ಹಚ್ಚಿದ ಗಾಯ ನಿಲ್ಲುತ್ತದೆ, ಆದರೆ ಅದೇ ಹವಳದ ಇನ್ನೊಂದು ಕಡೆ ಹೊಸ ಗಾಯ ಏಳಬಹುದು. ಕಡಲಿಗೆ ಆ್ಯಂಟಿಬಯೋಟಿಕ್ ಸುರಿಯುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ಹಾಗಾಗಿ ಸ್ಮಿತ್ಸೋನಿಯನ್ ಸಂಸ್ಥೆಯವರು ರೋಗ ತಡೆದುಕೊಂಡ ಹವಳದಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. 2023ರ ವರದಿಯ ಪ್ರಕಾರ ಅದು ಪ್ರಯೋಗಾಲಯದಲ್ಲಿ ರೋಗ ಹಿಡಿದ ತುಂಡುಗಳ ಪೈಕಿ ಶೇ 68ರಲ್ಲಿ ರೋಗವನ್ನು ನಿಲ್ಲಿಸಿತು ಅಥವಾ ನಿಧಾನಿಸಿತು.

ಬ್ರೆಜಿಲ್‌ನಿಂದ ಕೆಲಸ ಶುರುಮಾಡಿದ ರಾಕೆಲ್ ಪೆಶೊಟೊ ತಂಡ ಬಿಸಿಯ ಹೊಡೆತ ತಡೆಯಲು ಇಂಥದೇ ಬ್ಯಾಕ್ಟೀರಿಯಾ ಮಿಶ್ರಣ ಬಳಸಿತು. 2021ರಲ್ಲಿ ತೊಟ್ಟಿಯಲ್ಲಿ ನಡೆಸಿದ ಪ್ರಯೋಗದಲ್ಲಿ ಬದುಕುಳಿದ ಹವಳಗಳ ಪ್ರಮಾಣ ಶೇ 40ರಷ್ಟು ಏರಿತು. ಆಮೇಲೆ ಕೆಂಪು ಸಮುದ್ರದಲ್ಲಿ, ನಿಜವಾದ ದಿಬ್ಬದ ಮೇಲೆ, ಮೂರು ತಿಂಗಳು ಈ ಪ್ರೊಬಯಾಟಿಕ್, ಅಂದರೆ ಉಪಕಾರಿ ಬ್ಯಾಕ್ಟೀರಿಯಾ, ಕೊಟ್ಟು ನೋಡಿದರು. ಹವಳದ ಬ್ಯಾಕ್ಟೀರಿಯಾ ಬಳಗ ಬದಲಾಯಿತು. ಸುತ್ತಲಿನ ನೀರು, ಮರಳಿನಲ್ಲಿ ಗುರುತಿಸುವಂಥ ಏರುಪೇರು ಕಾಣಲಿಲ್ಲ ಎಂದು 2024ರಲ್ಲಿ ಬರೆದರು.

ಒಳ್ಳೆಯ ಸುದ್ದಿಯೇ. ಆದರೆ ಈ ಔಷಧಿಯನ್ನು ಮುಳುಗುಗಾರರು ಒಂದೊಂದೇ ಹವಳಕ್ಕೆ, ಮತ್ತೆಮತ್ತೆ, ಕೈಯಾರೆ ಕೊಡಬೇಕು. ಗ್ರೇಟ್ ಬ್ಯಾರಿಯರ್ ರೀಫ್ ಒಂದರ ಉದ್ದವೇ ಸುಮಾರು 2,300 ಕಿಲೋಮೀಟರ್. ಹವಳದ ಸಸಿ ಬೆಳೆಸುವ ನರ್ಸರಿಗಳಲ್ಲಿ, ಅಪರೂಪದ ಹಳೆಯ ಹವಳಗಳ ಮೇಲೆ ಇದು ಕೆಲಸಕ್ಕೆ ಬಂದೀತು. ಉಳಿದ ಕಡೆ ಚರಂಡಿ ನೀರು ತಡೆಯುವುದು, ಪಾಚಿ ತಿನ್ನುವ ಮೀನುಗಳನ್ನು ಹಿಡಿಯದೆ ಬಿಡುವುದೇ ಸದ್ಯಕ್ಕೆ ಅಗ್ಗದ ದಾರಿ ಅಂತ ನನಗನಿಸುತ್ತದೆ. ಬಿಸಿಯಾಗುವ ನೀರಿಗೆ ಮಾತ್ರ ಇವೆರಡೂ ಮದ್ದಲ್ಲ.