ಸ್ಕೀಮ್‌ನಲ್ಲಿ ಕೋಟ್: ಆ ಪುಟ್ಟ ಗೀಟು ಏನು ಮಾಡುತ್ತದೆ

ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ' ಎಂಬ ಗೀಟಿಗೆ ಕೋಟ್ ಅಂತ ಹೆಸರು. ಎರಡು ದಿನ ಗುದ್ದಾಡಿದ ಮೇಲೆ ಅದು ಈಗಷ್ಟೇ ತಿಳಿಯಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾನು ಬಳಸುವುದು ಗೈಲ್ ಎಂಬ ಸ್ಕೀಮ್ ಆವೃತ್ತಿ. ಅದರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಕಾರ್ (car), ಲಿಸ್ಟ್ (list), ಡಿಫೈನ್ (define), ಕೋಟ್ (quote) ತರಹದ ಸ್ಕೀಮ್‌ನದೇ ಪದಗಳನ್ನು ಮಾತ್ರ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.

ಮೊದಲು ಎರಡು ಕನ್ನಡ ವಾಕ್ಯ ನೋಡಿ. "ಊರು ದೊಡ್ಡದು." "ಊರು ಎಂಬುದು ಎರಡಕ್ಷರದ ಪದ." ಮೊದಲನೆಯದರಲ್ಲಿ ಮಾತು ಊರಿನ ಬಗ್ಗೆ. ಎರಡನೆಯದರಲ್ಲಿ ಆ ಪದದ ಬಗ್ಗೆ. ಕನ್ನಡದಲ್ಲಿ "ಎಂಬ" ಮಾಡುವ ಕೆಲಸವನ್ನೇ ಸ್ಕೀಮ್‌ನಲ್ಲಿ ಕೋಟ್ ಮಾಡುತ್ತದೆ. ನಮ್ಮಲ್ಲಿ ಅದು ಪದ ಆದಮೇಲೆ ಬರುತ್ತದೆ, ಅಲ್ಲಿ ಪದಕ್ಕಿಂತ ಮೊದಲೇ ಬರುತ್ತದೆ, ಅಷ್ಟೇ. ಕೆಳಗೆ ಡಿಫೈನ್ ಹಾಲು ಎಂಬ ಹೆಸರಿಗೆ 25 ಎಂಬ ಮೌಲ್ಯ ಕೊಡುತ್ತದೆ. → ಆದಮೇಲೆ ಇರುವುದು ಸ್ಕೀಮ್ ಕೊಡುವ ಉತ್ತರ.

(ಡಿಫೈನ್ ಹಾಲು 25)
ಹಾಲು → 25
'ಹಾಲು → ಹಾಲು

ಲಿಸ್ಟ್‌ಗೂ, ಅಂದರೆ ಆವರಣದೊಳಗೆ ಸಾಲಾಗಿಟ್ಟ ತುಂಡುಗಳಿಗೂ, ಇದೇ ನಿಯಮ. (+ 1 2) ಕೊಟ್ಟರೆ 3 ಬರುತ್ತದೆ. '(+ 1 2) ಕೊಟ್ಟರೆ ಮೂರು ತುಂಡಿನ ಲಿಸ್ಟ್ ಹಾಗೇ ವಾಪಸ್ ಬರುತ್ತದೆ. ಸಂಖ್ಯೆಗೆ ಕೋಟ್ ಬೇಕಿಲ್ಲ. 5 ಮತ್ತು '5 ಎರಡೂ ಒಂದೇ.

ನಾನು ಎಡವಿದ್ದು ಇಲ್ಲಿ. ಸಾಮಾನಿನ ಪಟ್ಟಿ ಹೀಗೆ ಬರೆದಿದ್ದೆ:

(ಡಿಫೈನ್ ಪಟ್ಟಿ '('ಹಾಲು 'ಸಕ್ಕರೆ))

ಪ್ರತಿ ಪದಕ್ಕೂ ಒಂದೊಂದು ಗೀಟು ಬೇಕು ಅಂದುಕೊಂಡಿದ್ದೆ. ಎರರ್ ಏನೂ ಬರಲಿಲ್ಲ. ಆದರೆ ಪಟ್ಟಿಯ ಮೊದಲ ತುಂಡನ್ನು 'ಹಾಲು ಜೊತೆ ಹೋಲಿಸಿದರೆ ಪ್ರತಿ ಸಲವೂ ಸುಳ್ಳು ಅಂತಲೇ ಉತ್ತರ. ಯಾಕೆ?

ಗೀಟು ಬರೀ ಸಂಕ್ಷೇಪ. ಸ್ಕೀಮ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು ರೀಡರ್ ಅಕ್ಷರಗಳನ್ನು ಓದಿ ಲಿಸ್ಟ್ ಕಟ್ಟುತ್ತದೆ. ಆಮೇಲೆ ಇವ್ಯಾಲ್ಯುಯೇಟರ್ ಅದನ್ನು ನಡೆಸುತ್ತದೆ. 'ಹಾಲು ಕಂಡ ಕೂಡಲೇ ರೀಡರ್ ಅದನ್ನು (ಕೋಟ್ ಹಾಲು) ಎಂಬ ಎರಡು ತುಂಡಿನ ಲಿಸ್ಟ್ ಮಾಡಿಬಿಡುತ್ತದೆ. ಇವ್ಯಾಲ್ಯುಯೇಟರ್‌ಗೆ ಗೀಟು ಕಾಣುವುದೇ ಇಲ್ಲ. ಸ್ಕೀಮ್‌ನ ಮೂಲವಾದ ಲಿಸ್ಪ್ ಭಾಷೆಯ ಬಗ್ಗೆ ಜಾನ್ ಮೆಕಾರ್ಥಿ 1960ರಲ್ಲಿ ಬರೆದ ಲೇಖನದಲ್ಲೂ ಇರುವುದು ಕೋಟ್ ಎಂಬ ಪೂರ್ತಿ ಪದವೇ, ಗೀಟಲ್ಲ. ಹಾಗಾಗಿ ನನ್ನ ಸಾಲಿನ ಪಟ್ಟಿಯ ಭಾಗ ರೀಡರ್ ದಾಟಿದ ಮೇಲೆ ಹೀಗಾಗಿತ್ತು:

(ಕೋಟ್ ((ಕೋಟ್ ಹಾಲು) (ಕೋಟ್ ಸಕ್ಕರೆ)))

ಈಗ ಇವ್ಯಾಲ್ಯುಯೇಟರ್ ಬಂದು ಹೊರಗಿನ ಕೋಟ್ ನೋಡುತ್ತದೆ. "ಒಳಗಿದ್ದದ್ದನ್ನು ಮುಟ್ಟಬೇಡ" ಅಂತ ಅದರ ಅರ್ಥ. ಮುಟ್ಟಬೇಡ ಅಂದರೆ ಒಳಗಿನ ಕೋಟ್‌ಗಳನ್ನೂ ಮುಟ್ಟಬಾರದು! ಅವು ನಡೆಯುವುದೇ ಇಲ್ಲ, ಸುಮ್ನೆ ಲಿಸ್ಟ್‌ನ ತುಂಡುಗಳಾಗಿ ಉಳಿಯುತ್ತವೆ. ನನ್ನ ಪಟ್ಟಿಯ ಮೊದಲ ತುಂಡು ಹಾಲು ಆಗಿರಲೇ ಇಲ್ಲ, (ಕೋಟ್ ಹಾಲು) ಆಗಿತ್ತು. ಕನ್ನಡದಲ್ಲಿ ಹೇಳುವುದಾದರೆ "ಹಾಲು ಎಂಬ" ಅಂತ ಇಡೀ ತುಂಡೇ ಪಟ್ಟಿಯೊಳಗೆ ಕೂತಿತ್ತು. ಸರಿಯಾದದ್ದು ಇದು:

'(ಹಾಲು ಸಕ್ಕರೆ)

ಅಥವಾ (ಲಿಸ್ಟ್ 'ಹಾಲು 'ಸಕ್ಕರೆ). ಲಿಸ್ಟ್ ಎಂಬುದು ಮಾಮೂಲಿ ಫಂಕ್ಷನ್. ಅದು ತನಗೆ ಕೊಟ್ಟ ಪ್ರತಿಯೊಂದರ ಮೌಲ್ಯ ಕೇಳುತ್ತದೆ. ಅದಕ್ಕೇ ಇಲ್ಲಿ ಒಂದೊಂದಕ್ಕೂ ಗೀಟು ಬೇಕು.

ನಂಬಿಕೆ ಬರದಿದ್ದರೆ ಇದನ್ನು ಕೊಟ್ಟು ನೋಡಿ. ಕಾರ್ ಲಿಸ್ಟ್‌ನ ಮೊದಲ ತುಂಡನ್ನು ಕೊಡುತ್ತದೆ, ಹಾಲು ಮುಂಚೆ ಇರುವುದು ಎರಡು ಗೀಟು:

(ಕಾರ್ ''ಹಾಲು) → ಕೋಟ್

ನನಗೆ ಎಲ್ಲ ಬಿಡಿಸಿಕೊಂಡಿದ್ದು ಈ ಒಂದೇ ಸಾಲಿನಿಂದ. ಈಗ ಅನುಮಾನ ಬಂದಾಗಲೆಲ್ಲ ಗೀಟು ಅಳಿಸಿ, ಕೋಟ್ ಅಂತ ಪೂರ್ತಿ ಬರೆದು ಓದುತ್ತೇನೆ. ತಪ್ಪು ತಾನಾಗೇ ಕಾಣುತ್ತದೆ.

ಇನ್ನು ಕ್ವಾಸಿಕೋಟ್. ಹಿಂದಕ್ಕೆ ವಾಲಿದ ಗೀಟು ಹಾಕಿದರೆ ಮುಕ್ಕಾಲುಪಾಲು ಹಾಗೇ ಇಟ್ಟು, ಕಾಮಾ ಇದ್ದ ಕಡೆ ಮಾತ್ರ ಲೆಕ್ಕ ಮಾಡಿಸಬಹುದು.

(ಡಿಫೈನ್ ತಿಂಡಿ '(ಇಡ್ಲಿ ವಡೆ))
`(ಒಟ್ಟು ,(+ 2 3)) → (ಒಟ್ಟು 5)
`(ಕಾಫಿ ,ತಿಂಡಿ) → (ಕಾಫಿ (ಇಡ್ಲಿ ವಡೆ))
`(ಕಾಫಿ ,@ತಿಂಡಿ) → (ಕಾಫಿ ಇಡ್ಲಿ ವಡೆ)

ಕಾಮಾ ಜೊತೆ @ ಸೇರಿದರೆ ಒಳಗಿನ ಲಿಸ್ಟ್‌ನ ಆವರಣ ಬಿಚ್ಚಿಕೊಳ್ಳುತ್ತದೆ.

ಒಂದು ಎಚ್ಚರಿಕೆ. '(ಹಾಲು ಸಕ್ಕರೆ) ಎಂಬುದು ಪ್ರೋಗ್ರಾಮಿನಲ್ಲೇ ಬರೆದಿಟ್ಟ ಸ್ಥಿರ ಡೇಟಾ. ಅದನ್ನು ಸೆಟ್-ಕಾರ್! (ಮೊದಲ ತುಂಡನ್ನು ಬದಲಿಸುವ ಫಂಕ್ಷನ್) ಹಾಕಿ ತಿದ್ದುವುದು ಸ್ಕೀಮ್ ನಿಯಮದ ಪ್ರಕಾರ ತಪ್ಪು. ಆಮೇಲೆ ತಿದ್ದಬೇಕಾದ ಪಟ್ಟಿಯನ್ನು (ಲಿಸ್ಟ್ 'ಹಾಲು 'ಸಕ್ಕರೆ) ಅಂತಲೇ ಕಟ್ಟಿ.