ಪದ ಪರಿಚಯ: ತಂಡದ ಕೆಮಿಸ್ಟ್ರಿ ಮತ್ತು ಒಬ್ಬ ಆಟಗಾರನ ಧೋರಣೆ

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಾಗಲಿ, ಯಾವುದಾದರೂ ಕಾಲೇಜಿನ ಅಂಕಣದಲ್ಲಾಗಲಿ ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯ ನಡೆಯುವಾಗ ಗೆರೆಯಾಚೆ ನಿಂತವರ ಬಾಯಲ್ಲಿ ‘ಈ ಟೀಮಿನ ಕೆಮಿಸ್ಟ್ರಿ ಚೆನ್ನಾಗಿದೆ’ ಎಂಬ ಮಾತು ಕೇಳಿಬರುತ್ತದೆ. ಸೋತ ತಂಡದ ಬಗ್ಗೆ ಅದೇ ಜನ ‘ಒಬ್ಬೊಬ್ಬರೂ ಚೆನ್ನಾಗಿಯೇ ಆಡ್ತಾರೆ, ಆದರೆ ಟೀಮು ಇನ್ನೂ ಸೆಟ್ ಆಗಿಲ್ಲ’ ಎನ್ನುತ್ತಾರೆ. ಎರಡೂ ಮಾತುಗಳು ಒಂದೇ ಸಂಗತಿಯನ್ನು ಕುರಿತವು. ಒಂದು ತಂಡದ ಆಟಗಾರರು ಜೊತೆಗಾರರ ಮುಂದಿನ ನಡೆಯನ್ನು ಊಹಿಸಿ, ಆ ಊಹೆಯನ್ನು ನಂಬಿ, ತಿರುಗಿ ನೋಡದೆ ತಮ್ಮ ಹೆಜ್ಜೆ ಇಡಬಲ್ಲವರಾಗಿದ್ದರೆ ಆ ಸ್ಥಿತಿಯನ್ನು ತಂಡದ ಕೆಮಿಸ್ಟ್ರಿ ಎನ್ನುತ್ತೇವೆ. ಪ್ರತಿಯೊಬ್ಬರ ಕೌಶಲವನ್ನು ಕೂಡಿಸಿದರೆ ಸಿಗುವ ಮೊತ್ತಕ್ಕೂ ಇದಕ್ಕೂ ಸಂಬಂಧ ಕಡಿಮೆ. ಇದು ಆಟಗಾರರ ನಡುವೆ ಇರುವಂಥದ್ದು. ಹಾಗಾಗಿಯೇ ಒಬ್ಬನ ಧೋರಣೆ ಕೆಟ್ಟಾಗ ಅವನ ಪಾಲಿನ ಆಟದ ಜೊತೆಗೆ ಉಳಿದ ನಾಲ್ವರ ಆಟವೂ ಬದಲಾಗುತ್ತದೆ.

ಬಾಸ್ಕೆಟ್‌ಬಾಲ್‌ನಲ್ಲಿ ಈ ಪರಿಣಾಮ ಇಷ್ಟು ತೀವ್ರವಾಗಿರಲು ಆಟದ ರಚನೆಯೇ ಕಾರಣ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದಾಗ ಅವರು ಬರೆದ ನಿಯಮಗಳಲ್ಲಿ ಚೆಂಡು ಹಿಡಿದವನು ಓಡುವಂತಿರಲಿಲ್ಲ. ಹಿಡಿದ ಜಾಗದಿಂದಲೇ ಅದನ್ನು ಮತ್ತೊಬ್ಬರಿಗೆ ಎಸೆಯಬೇಕಾಗಿತ್ತು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವ ಡ್ರಿಬಲ್ ಆಮೇಲೆ ಬಂತು. ಇಂದಿನ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ಐದೈದು ಮಂದಿ ಆಡುತ್ತಾರೆ. ಚೆಂಡು ಕೈಗೆ ಬಂದ 8 ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಬೇಕು, 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ಕ್ರಿಕೆಟ್‌ನಲ್ಲಿ ಥರ್ಡ್ ಮ್ಯಾನ್‌ನಲ್ಲಿ ನಿಂತವನ ಜೊತೆ ಮಾತು ಬಿಟ್ಟಿರುವ ಬೌಲರ್ ಕೂಡ ತನ್ನ ಓವರನ್ನು ಚೆನ್ನಾಗಿಯೇ ಮುಗಿಸಬಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಅಂಥ ಮರೆ ಯಾರಿಗೂ ಇಲ್ಲ. ಐವರೂ ದಾಳಿಗೂ ಬೇಕು, ಐವರೂ ರಕ್ಷಣೆಗೂ ಬೇಕು. ರೊಡರಿಕ್ ಸ್ವಾಬ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಗಳಲ್ಲಿ ಅತ್ಯುನ್ನತ ಮಟ್ಟದ ಆಟಗಾರರ ಪ್ರಮಾಣ ಒಂದು ಮಿತಿ ದಾಟಿದಾಗ ಹೊಂದಾಣಿಕೆ ಕುಸಿದು ಫಲಿತಾಂಶವೂ ಇಳಿಯುತ್ತಿತ್ತು. ಆಟಗಾರರು ಬಹುಮಟ್ಟಿಗೆ ಬಿಡಿಬಿಡಿಯಾಗಿ ಆಡುವ ಬೇಸ್‌ಬಾಲ್‌ನಲ್ಲಿ ಆ ಇಳಿತ ಕಾಣಲಿಲ್ಲ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಎದುರಾಳಿ ತಂಡದ ಗಾರ್ಡ್ (ಚೆಂಡನ್ನು ಮುಂದಕ್ಕೆ ತರುವ ಆಟಗಾರ), ತನ್ನನ್ನು ಕಾಯುತ್ತಿದ್ದವನನ್ನು ಬಲಬದಿಯಿಂದ ದಾಟಿ ರಿಂಗಿನತ್ತ ನುಗ್ಗುತ್ತಾನೆ. ಆಗ ರಿಂಗಿನ ಬಳಿ ಇರುವ ನಮ್ಮ ಆಟಗಾರ ತಾನು ಕಾಯುತ್ತಿದ್ದವನನ್ನು ಬಿಟ್ಟು ಅಡ್ಡ ಬರಬೇಕು. ಅವನು ಬಿಟ್ಟು ಬಂದವನನ್ನು ಎಡಬದಿಯ ಮೂರನೆಯವನು ಕೆಳಗಿಳಿದು, ಅಂದರೆ ರಿಂಗಿನತ್ತ ಸರಿದು, ಹಿಡಿಯಬೇಕು. ನಾಲ್ಕನೆಯವನು ತನ್ನ ಎದುರಾಳಿಯ ಮೇಲೂ ಮೂರನೆಯವನ ಎದುರಾಳಿಯ ಮೇಲೂ ಕಣ್ಣಿಟ್ಟು ನಡುವೆ ನಿಲ್ಲಬೇಕು. ಹೆಲ್ಪ್ ಡಿಫೆನ್ಸ್ ಎಂದು ಕರೆಯುವ ಈ ಸರಣಿ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮುಗಿಯಬೇಕು. ಈಗ ಆ ಮೂರನೆಯವನು, ಹಿಂದಿನ ಕ್ವಾರ್ಟರ್‌ನಲ್ಲಿ ತನಗೆ ಪಾಸ್ ಕೊಡಲಿಲ್ಲವೆಂದು ಮುನಿಸಿಕೊಂಡು, ಎರಡು ಬಾರಿ ಕೆಳಗಿಳಿಯದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವನು ಎಂದಿಟ್ಟುಕೊಳ್ಳಿ. ಮೂರನೆಯ ಸಲ ಗಾರ್ಡ್ ನುಗ್ಗಿದಾಗ ಮೂರನೆಯವನು ಕೆಳಗಿಳಿಯಲು ಸಿದ್ಧನಾಗಿಯೇ ಇದ್ದರೂ, ರಿಂಗಿನ ಬಳಿಯವನ ಮನಸ್ಸಿನಲ್ಲಿ ಒಂದು ಲೆಕ್ಕ ಹುಟ್ಟುತ್ತದೆ. ‘ನಾನು ಬಿಟ್ಟು ಹೋದರೆ ಇವನು ಬರಲ್ಲ, ನನ್ನವನು ಬಾಸ್ಕೆಟ್ ಹಾಕ್ತಾನೆ, ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಬಯ್ಯೋದು ನನ್ನನ್ನೇ.’ ಆ ಲೆಕ್ಕಕ್ಕೆ ಹಿಡಿದದ್ದು ಅರ್ಧ ಹೆಜ್ಜೆ. ಗಾರ್ಡ್‌ಗೆ ರಿಂಗಿನ ಪಕ್ಕದಿಂದಲೇ ಹಾಕುವ ಸುಲಭದ ಲೇ-ಅಪ್ ಸಿಗುತ್ತದೆ.

ಸ್ಕೋರ್‌ಶೀಟಿನಲ್ಲಿ ಈ ಎರಡು ಅಂಕಗಳ ಎದುರು ಮುನಿಸಿಕೊಂಡವನ ಹೆಸರು ಎಲ್ಲಿಯೂ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇಲ್ಲೇ ಇದೆ. ಕೆಟ್ಟ ಧೋರಣೆಯ ಆಟಗಾರ ತಾನು ಮಾಡುವ ತಪ್ಪುಗಳಿಂದ ಉಂಟುಮಾಡುವ ನಷ್ಟ ಚಿಕ್ಕದು. ಅವನಿಂದಾಗಿ ಉಳಿದವರು ತಮ್ಮ ತಮ್ಮ ಪಾಲನ್ನಷ್ಟೇ ಕಾಪಾಡಿಕೊಳ್ಳುವ ಲೆಕ್ಕಾಚಾರಕ್ಕೆ ಇಳಿಯುತ್ತಾರಲ್ಲ, ಆ ನಷ್ಟ ದೊಡ್ಡದು. ಅವರಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರ ಲೆಕ್ಕವೂ ಆ ಕ್ಷಣದ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಐವರೂ ಸರಿಯಾದ ಲೆಕ್ಕ ಹಾಕುತ್ತ ಕೂತಾಗ ಅಲ್ಲಿ ತಂಡ ಉಳಿದಿರುವುದಿಲ್ಲ.

ವಿಲ್ ಫೆಲ್ಪ್ಸ್, ಟೆರೆನ್ಸ್ ಮಿಚೆಲ್ ಮತ್ತು ಎಲಿಜಾ ಬೈಯಿಂಗ್ಟನ್ 2006ರಲ್ಲಿ ಬರೆದ ಪ್ರಬಂಧವೊಂದು, ಗುಂಪನ್ನು ಕೆಡಿಸುವ ಒಬ್ಬ ಸದಸ್ಯನ ನಡವಳಿಕೆಯನ್ನು ಮೂರು ಬಗೆಯಾಗಿ ಗುರುತಿಸುತ್ತದೆ: ತನ್ನ ಪಾಲಿನ ಶ್ರಮವನ್ನು ತಡೆಹಿಡಿಯುವುದು, ಸದಾ ಬೇಸರ ಮತ್ತು ಸಿಡುಕನ್ನು ಹೊರಹಾಕುತ್ತಿರುವುದು, ಗುಂಪಿನ ಒಳಗಿನವರೊಡನೆಯೇ ಒರಟಾಗಿ ನಡೆದುಕೊಳ್ಳುವುದು. ಕಾಲೇಜು ಅಂಕಣದಲ್ಲಿ ಇವು ಕಾಣಿಸಿಕೊಳ್ಳುವ ರೂಪಗಳು ಬಹಳ ಸಣ್ಣವು. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುವ ಬದಲು ನಡೆಯುವುದು, ಪಾಸ್ ಬರದಾಗ ಎರಡೂ ಕೈ ಚಾಚಿ ಬೆಂಚಿನತ್ತ ನೋಡುವುದು, ಟೈಮ್‌ಔಟ್‌ನಲ್ಲಿ ಗುಂಪಿನಿಂದ ಎರಡಡಿ ದೂರ ನಿಂತು ನೀರು ಕುಡಿಯುವುದು, ಜೂನಿಯರ್ ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) ತಪ್ಪಿಸಿದಾಗ ‘ನಂಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಮ್ಯಾಚ್ ಮುಗೀತಿತ್ತು ಮಗಾ’ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು. ಒಂದೊಂದನ್ನೇ ಬಿಡಿಸಿ ನೋಡಿದರೆ ದೂರು ಕೊಡಲು ಯೋಗ್ಯವಾದದ್ದು ಯಾವುದೂ ಇಲ್ಲ. ರೆಫರಿಯ ಜೊತೆ ವಾದಕ್ಕಿಳಿದು ಟೆಕ್ನಿಕಲ್ ಫೌಲ್ ತೆಗೆದುಕೊಂಡರೆ ಎದುರಾಳಿಗೆ ಒಂದು ಫ್ರೀ ಥ್ರೋ ಸಿಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವಂಥವೇ ಹೆಚ್ಚು ಹಾನಿಕರ.

ಮನೋಭಾವ ಒಬ್ಬರಿಂದ ಮತ್ತೊಬ್ಬರಿಗೆ ಹರಡುತ್ತದೆ ಎಂಬುದನ್ನು ಸಿಗಲ್ ಬಾರ್ಸೇಡ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಚರ್ಚೆ ನಡೆಸುವ ಚಿಕ್ಕ ಗುಂಪುಗಳಲ್ಲಿ, ನಟನೆಯ ತರಬೇತಿ ಪಡೆದ ಒಬ್ಬ ವಿದ್ಯಾರ್ಥಿಯನ್ನು ಇತರರಿಗೆ ತಿಳಿಯದಂತೆ ಸೇರಿಸಿ, ಒಂದೊಂದು ಗುಂಪಿನಲ್ಲಿ ಒಂದೊಂದು ಮನಃಸ್ಥಿತಿಯನ್ನು ನಟಿಸಲು ಹೇಳಲಾಗಿತ್ತು. ಅವನು ಉಲ್ಲಾಸದಿಂದಿದ್ದ ಗುಂಪುಗಳಲ್ಲಿ ಸಹಕಾರ ಹೆಚ್ಚಿ ಜಗಳ ಕಡಿಮೆಯಾಯಿತು. ಅಪರಿಚಿತರು ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತಾಗಲೇ ಹೀಗಾದರೆ, ಒಂದೇ ಹಾಸ್ಟೆಲಿನ ಮೆಸ್ಸಿನಲ್ಲಿ ಉಂಡು, ಒಂದೇ ಬಸ್ಸಿನಲ್ಲಿ ಪಂದ್ಯಕ್ಕೆ ಹೋಗಿಬರುವ ಹನ್ನೆರಡು ಮಂದಿಯ ನಡುವೆ ಅದು ಎಷ್ಟು ಬೇಗ ಹರಡಬಹುದೆಂದು ಊಹಿಸುವುದು ಕಷ್ಟವಲ್ಲ.

ಹಾಸನದಂಥ ಊರಿನ ಕಾಲೇಜು ತಂಡಗಳಿಗೆ ಈ ವಿಷಯ ದೊಡ್ಡ ನಗರಗಳ ಕ್ಲಬ್ ತಂಡಗಳಿಗಿಂತ ಹೆಚ್ಚು ಮುಖ್ಯವಾಗುವುದಕ್ಕೆ ಕಾರಣಗಳಿವೆ. ಇಲ್ಲಿ ತಂಡ ವರ್ಷವಿಡೀ ಒಟ್ಟಿಗಿರುವುದಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಬಯಲಿನ ಕಾಂಕ್ರೀಟ್ ಅಂಕಣದ ಮೂಲೆಗಳಲ್ಲಿ ಪಾಚಿ ಕಟ್ಟುತ್ತದೆ, ಅಭ್ಯಾಸ ವಾರಗಟ್ಟಲೆ ನಿಲ್ಲುತ್ತದೆ. ನಡುವೆ ಇಂಟರ್ನಲ್ಸ್ ಬರುತ್ತವೆ. ಅರಕಲಗೂಡು, ಆಲೂರು, ಬೇಲೂರು, ಸಕಲೇಶಪುರದ ಕಡೆಯಿಂದ ಬಸ್ ಪಾಸಿನಲ್ಲಿ ಓಡಾಡುವವರು ಸಂಜೆಯ ಬಸ್ಸಿಗಾಗಿ ಅಭ್ಯಾಸ ಮುಗಿಯುವ ಮೊದಲೇ ಬ್ಯಾಗು ಹೆಗಲಿಗೇರಿಸಬೇಕಾಗುತ್ತದೆ. ಹಾಸ್ಟೆಲಿನವರು ಕತ್ತಲಾಗುವ ತನಕ ಆಡುತ್ತಾರೆ. ಹೀಗೆ ತಂಡದೊಳಗೆ ಯಾರ ತಪ್ಪೂ ಇಲ್ಲದೆ ಎರಡು ಗುಂಪುಗಳು ತಾವಾಗಿಯೇ ಏರ್ಪಡುತ್ತವೆ. ಇದರ ಮೇಲೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಶಾಲಾದಿನಗಳಿಂದ ತರಬೇತಿ ಪಡೆದು ಬಂದ ಒಬ್ಬಿಬ್ಬರು ಇರುತ್ತಾರೆ, ಪಿಯುಸಿಯ ನಂತರವೇ ಮೊದಲ ಬಾರಿಗೆ ಬಾಸ್ಕೆಟ್‌ಬಾಲ್ ಮುಟ್ಟಿದ ನಾಲ್ಕೈದು ಜನರಿರುತ್ತಾರೆ. ಒಟ್ಟಿಗೆ ಆಡಿ ಗಳಿಸುವ ನಂಬಿಕೆಗೆ ಸಿಗುವ ಸಮಯ ಇಷ್ಟು ಕಡಿಮೆ ಇರುವಾಗ, ಎಲ್ಲರಿಗಿಂತ ಚೆನ್ನಾಗಿ ಆಡುವವನು ಉಳಿದವರನ್ನು ಹೇಗೆ ಕಾಣುತ್ತಾನೆ ಎಂಬುದೇ ಬಹುಪಾಲು ತಂಡದ ಸ್ವಭಾವವನ್ನು ತೀರ್ಮಾನಿಸಿಬಿಡುತ್ತದೆ. ಮಳೆ ನಿಂತ ಸಂಜೆ ಅಂಕಣದ ನೀರು ಗುಡಿಸಲು ಕಡ್ಡಿಪೊರಕೆ ಹಿಡಿಯುವವರು ಯಾರು ಎಂದು ನೋಡಿ. ಮೊದಲ ವರ್ಷದವರು ಗುಡಿಸುತ್ತಿರುವಾಗ ತಂಡದ ಮುಖ್ಯ ಆಟಗಾರ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರೆ, ಆ ಹತ್ತು ನಿಮಿಷದಲ್ಲಿ ಕಿರಿಯರು ಕಲಿತದ್ದನ್ನು ಆಮೇಲಿನ ಒಂದು ಗಂಟೆಯ ಡ್ರಿಲ್ ಅಳಿಸಲಾರದು. ಅವನೇ ಪೊರಕೆ ಎತ್ತಿಕೊಂಡರೆ ಕ್ಯಾಪ್ಟನ್ ಯಾರಿಗೂ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಕೆಮಿಸ್ಟ್ರಿ ಎಂದರೆ ಗೆಳೆತನ ಎಂದು ಭಾವಿಸುವುದು ಈ ಪದದ ಬಗ್ಗೆ ಇರುವ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಕೆನಡಾದ ಕ್ರೀಡಾ ಮನೋವಿಜ್ಞಾನಿ ಆಲ್ಬರ್ಟ್ ಕ್ಯಾರನ್ ತಂಡದ ಒಗ್ಗಟ್ಟನ್ನು ಎರಡಾಗಿ ನೋಡಿದರು: ಗುರಿಗಾಗಿ ಒಟ್ಟಾಗಿ ದುಡಿಯುವ ಒಗ್ಗಟ್ಟು ಒಂದು, ಪರಸ್ಪರ ಇಷ್ಟಪಟ್ಟು ಕೂಡಿರುವ ಒಗ್ಗಟ್ಟು ಇನ್ನೊಂದು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಶಕೀಲ್ ಓ’ನೀಲ್ ಮತ್ತು ಕೋಬಿ ಬ್ರಯಂಟ್ ನಡುವಿನ ವೈಮನಸ್ಯ ಜಗಜ್ಜಾಹೀರಾಗಿತ್ತು. ಆದರೂ 2000, 2001 ಮತ್ತು 2002ರಲ್ಲಿ ಆ ತಂಡ ಸತತವಾಗಿ ಮೂರು ಬಾರಿ ಎನ್‌ಬಿಎ ಪ್ರಶಸ್ತಿ ಗೆದ್ದಿತು. ಕೋಪವಿದ್ದರೂ ಆಟದ ಹೊತ್ತಿಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನಂಬಿದ್ದರು. 2004ರ ಫೈನಲ್‌ಗೆ ಬರುವ ಹೊತ್ತಿಗೆ ಕಾರ್ಲ್ ಮಲೋನ್ ಮತ್ತು ಗ್ಯಾರಿ ಪೇಟನ್ ಕೂಡ ಸೇರಿ ತಂಡ ಇನ್ನಷ್ಟು ದೊಡ್ಡ ಹೆಸರುಗಳದ್ದಾಗಿತ್ತು. ಅಷ್ಟು ದೊಡ್ಡ ತಾರೆಯರಿಲ್ಲದ ಡೆಟ್ರಾಯಿಟ್ ಪಿಸ್ಟನ್ಸ್ ಅದನ್ನು 4-1ರಿಂದ ಸೋಲಿಸಿತು. ಅದೇ ವರ್ಷ ಓ’ನೀಲ್ ತಂಡ ಬಿಟ್ಟು ಮಯಾಮಿಗೆ ಹೋದರು. ಹಾಗಾಗಿ ತಂಡವನ್ನು ಒಂದುಮಾಡಲೆಂದು ಹುಡುಗರನ್ನೆಲ್ಲ ಒಂದು ದಿನ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುವುದು ಸಂತೋಷದ ಸಂಗತಿಯೇ ಹೊರತು, ಹೆಲ್ಪ್ ಡಿಫೆನ್ಸ್‌ನಲ್ಲಿ ಕೆಳಗಿಳಿಯದವನನ್ನು ಅದು ಇಳಿಯುವಂತೆ ಮಾಡುವುದಿಲ್ಲ.

ಇನ್ನೊಂದು ಎಚ್ಚರವೂ ಬೇಕು. ‘ಅವನಿಗೆ ಆಟಿಟ್ಯೂಡ್ ಜಾಸ್ತಿ’ ಎಂಬ ಹಣೆಪಟ್ಟಿಯನ್ನು ನಮ್ಮ ಕಾಲೇಜುಗಳಲ್ಲಿ ತೀರ ಸುಲಭವಾಗಿ ಅಂಟಿಸಲಾಗುತ್ತದೆ. ಮಾತು ಕಡಿಮೆ ಇರುವ ಹುಡುಗನಿಗೆ, ಸೀನಿಯರ್‌ಗಳ ಮುಂದೆ ತಲೆ ತಗ್ಗಿಸದ ಹುಡುಗಿಗೆ, ‘ಸರ್, ಜೋನ್ ಬದಲು ಮ್ಯಾನ್ ಟು ಮ್ಯಾನ್ ಹಾಕೋಣ’ (ಜಾಗ ಕಾಯುವ ಬದಲು ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯೋಣ) ಎಂದು ಕೇಳುವವನಿಗೆ ಅದು ಬೀಳುತ್ತದೆ. ಆಟದ ಬಗ್ಗೆ ಭಿನ್ನಾಭಿಪ್ರಾಯ ಹೇಳಿ, ತೀರ್ಮಾನವಾದ ಮೇಲೆ ಅದರಂತೆ ಓಡುವವನು ತಂಡಕ್ಕೆ ಆಸ್ತಿ. ಅಳೆಯಬೇಕಾದದ್ದು ಮುಖಭಾವವನ್ನಲ್ಲ, ಅವನ ಪಕ್ಕದಲ್ಲಿ ಆಡುವವರ ಆಟವನ್ನು. ಒಬ್ಬ ಆಟಗಾರ ಅಂಕಣದಲ್ಲಿರುವಾಗ ಜೊತೆಗಾರರು ಪಾಸ್ ಕೊಡುವ ಮೊದಲು ತಡವರಿಸುತ್ತಾರೆಯೇ, ಜೂನಿಯರ್‌ಗಳು ತೆರೆದ ಶಾಟ್ ಸಿಕ್ಕರೂ ಹೊಡೆಯಲು ಹೆದರುತ್ತಾರೆಯೇ, ರಕ್ಷಣೆಯಲ್ಲಿ ‘ಸ್ಕ್ರೀನ್ ಲೆಫ್ಟ್’ (ಎಡಗಡೆ ಒಬ್ಬ ಎದುರಾಳಿ ದಾರಿಗೆ ಅಡ್ಡ ನಿಂತಿದ್ದಾನೆ) ಎಂಬ ಕೂಗುಗಳು ನಿಲ್ಲುತ್ತವೆಯೇ ಎಂದು ನೋಡಿದರೆ ಉತ್ತರ ಸಿಗುತ್ತದೆ. ಅಂಕಣದ ಮಾತು ಬತ್ತುವುದು ನಂಬಿಕೆ ಬತ್ತಿದ ಮೊದಲ ಗುರುತು.

ಒಳ್ಳೆಯ ಧೋರಣೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಎನ್‌ಬಿಎಯ 2008-09ರ ಋತುವಿನ ಆರಂಭದ ಪಂದ್ಯಗಳಲ್ಲಿ ಆಟಗಾರರು ಪರಸ್ಪರ ಕೈ ತಟ್ಟುವುದು, ಬೆನ್ನು ತಟ್ಟುವುದು, ಅಪ್ಪಿಕೊಳ್ಳುವುದನ್ನು ಮೈಕೆಲ್ ಕ್ರೌಸ್ ಮತ್ತು ಸಂಗಡಿಗರು ಎಣಿಸಿ 2010ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ಇಂಥ ಸ್ಪರ್ಶ ಹೆಚ್ಚಿದ್ದ ತಂಡಗಳು ಋತುವಿನ ಮುಂದಿನ ಭಾಗದಲ್ಲಿ ಉತ್ತಮವಾಗಿ ಆಡಿದವು. ಇದನ್ನು ಓದಿ ಹುಡುಗರಿಗೆ ಕಡ್ಡಾಯವಾಗಿ ಕೈ ತಟ್ಟಿಸಿದರೆ ಪ್ರಯೋಜನವಾದೀತೆಂದು ನನಗನ್ನಿಸುವುದಿಲ್ಲ. ಆದರೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಡೀನ್ ಸ್ಮಿತ್ ರೂಢಿಗೆ ತಂದ ಒಂದು ಅಭ್ಯಾಸ ನಮ್ಮ ತಂಡಗಳಿಗೂ ಒಗ್ಗುತ್ತದೆ: ಬಾಸ್ಕೆಟ್ ಹಾಕಿದವನು ಹಿಂದಕ್ಕೆ ಓಡುವಾಗ ತನಗೆ ಪಾಸ್ ಕೊಟ್ಟವನತ್ತ ಬೆರಳು ತೋರಿಸಬೇಕು. ಅಂಕ ಗಳಿಸಿದ್ದು ಇಬ್ಬರು ಎಂಬುದನ್ನು ಆ ಒಂದು ಸನ್ನೆ ಗ್ಯಾಲರಿಯವರಿಗೂ ತಿಳಿಸುತ್ತದೆ, ಮುಖ್ಯವಾಗಿ ಪಾಸ್ ಕೊಟ್ಟ ಜೂನಿಯರ್‌ಗೆ ತಿಳಿಸುತ್ತದೆ.

ಕೆಟ್ಟ ಧೋರಣೆಯನ್ನು ತಿದ್ದುವ ಹೊಣೆ ಮೊದಲು ಬೀಳುವುದು ದೈಹಿಕ ಶಿಕ್ಷಣ ನಿರ್ದೇಶಕರ ಮೇಲೆ. ಎಲ್ಲರೆದುರು ಗದರಿಸಿದರೆ ಆಟಗಾರ ಇನ್ನಷ್ಟು ಮುದುಡುತ್ತಾನೆ, ತಂಡ ಎರಡು ಪಕ್ಷವಾಗುತ್ತದೆ. ಅವನೊಬ್ಬನನ್ನೇ ಕರೆದು, ‘ನಿನ್ನ ಸ್ವಭಾವ ಸರಿಯಿಲ್ಲ’ ಎನ್ನದೆ, ‘ಮೂರನೆಯ ಕ್ವಾರ್ಟರ್‌ನಲ್ಲಿ ನೀನು ಎರಡು ಸಲ ಕೆಳಗಿಳಿಯಲಿಲ್ಲ, ಆಮೇಲೆ ಇವನು ಮುಂದೆ ಬರುವುದನ್ನು ನಿಲ್ಲಿಸಿದ’ ಎಂದು ನಡೆದದ್ದನ್ನು ನಡೆದ ಹಾಗೆ ತೋರಿಸಿದರೆ ಕೇಳುವ ಸಾಧ್ಯತೆ ಹೆಚ್ಚು. ಎಷ್ಟೋ ಸಲ ಮುನಿಸಿನ ಹಿಂದೆ ತನ್ನ ಪಾತ್ರ ಏನೆಂದು ಯಾರೂ ಸ್ಪಷ್ಟವಾಗಿ ಹೇಳದ ಅಸಮಾಧಾನವಿರುತ್ತದೆ. ಹೇಳಿದ ಮೇಲೂ ಬದಲಾಗದಿದ್ದರೆ ಅವನು ಎಷ್ಟೇ ಅಂಕ ತರುವವನಾಗಿರಲಿ, ಬೆಂಚಿನಲ್ಲಿ ಕೂರಿಸಬೇಕು, ಮತ್ತು ಅದನ್ನು ಸುಲಭವಾಗಿ ಗೆಲ್ಲುವ ಪಂದ್ಯಕ್ಕೆ ಕಾಯದೆ ಮಾಡಬೇಕು.

ಇದಕ್ಕೆ ಸೇರಿದ ಮತ್ತೊಂದು ಸಂಗತಿಗೆ ನಮ್ಮಲ್ಲಿ ಸಾಕಷ್ಟು ಗಮನ ಸಿಗುತ್ತಿಲ್ಲ. ನಿಯಮದಂತೆ ಪಂದ್ಯಕ್ಕೆ ಗರಿಷ್ಠ 12 ಮಂದಿಯ ಹೆಸರು ಕೊಡಬಹುದು. ಮೊದಲ ಏಳೆಂಟು ಹೆಸರುಗಳ ಮೇಲೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಕೊನೆಯ ಎರಡು ಮೂರು ಹೆಸರುಗಳನ್ನು ಎತ್ತರ ನೋಡಿಯೋ ಹಾಜರಾತಿಗೆ ಅನುಕೂಲವಾಗಲೆಂದೋ ತುಂಬಿಸಲಾಗುತ್ತದೆ. ಇವರು ಆಡುವುದು ಕೆಲವೇ ನಿಮಿಷ, ಆದರೆ ಬೆಂಚಿನಲ್ಲಿ ಕೂರುವುದು ಪಂದ್ಯದುದ್ದಕ್ಕೂ. ಹೊರಗೆ ಬಂದ ಆಟಗಾರನಿಗೆ ಎದ್ದು ಜಾಗ ಬಿಡುವವರು, ಎದುರಾಳಿಯ ಸ್ಕ್ರೀನ್ ಯಾವ ಕಡೆಯಿಂದ ಬರುತ್ತಿದೆಯೆಂದು ಕೂಗಿ ಹೇಳುವವರು, ಅಥವಾ ಅವನ ಕಿವಿಯಲ್ಲಿ ‘ನಿನ್ನನ್ನ ಯಾಕೆ ತೆಗೆದ್ರೋ ಗೊತ್ತಿಲ್ಲಪ್ಪ’ ಎಂದು ಊದುವವರು ಇವರೇ. ಹಾಗಾಗಿ ಹನ್ನೊಂದನೆಯ ಮತ್ತು ಹನ್ನೆರಡನೆಯ ಹೆಸರನ್ನು ಬರೆಯುವಾಗ ಅವರ ಶಾಟ್‌ಗಿಂತ, ಅಭ್ಯಾಸದ ದಿನಗಳಲ್ಲಿ ತಾವು ಆಡದಿದ್ದಾಗ ಅವರು ಹೇಗಿದ್ದರು ಎಂಬುದನ್ನು ನೆನಪಿಸಿಕೊಂಡು ಬರೆಯುವುದು ಸೂಕ್ತ.