ಕ್ಯಾಮೆರಾಗೆ ಬಿಳಿ ಗೊತ್ತಿಲ್ಲ

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಹಿಮದ ಫೋಟೋ ಇಲ್ಲಿ ಅಪರೂಪವೇನಲ್ಲ. ಸೇನೆಗೆ ಹೋದ ಮಕ್ಕಳು, ಅಳಿಯಂದಿರು ಕಾಶ್ಮೀರ, ಲಡಾಖ್ ಕಡೆಯಿಂದ ಕಳಿಸಿದ ಚಿತ್ರಗಳು ಎಷ್ಟೋ ಮನೆಗಳ ಆಲ್ಬಮ್‌ನಲ್ಲಿವೆ. 1948ರ ನವೆಂಬರ್‌ನಲ್ಲಿ ಹಿಮದ ನಡುವೆ ಜೋಜಿಲಾ ಕಣಿವೆದಾರಿಗೆ ಟ್ಯಾಂಕ್ ಹತ್ತಿಸಿದ ಕಾರ್ಯಾಚರಣೆಯನ್ನು ನಡೆಸಿದವರು ಮಡಿಕೇರಿಯಲ್ಲೇ ಹುಟ್ಟಿದ ಸೇನಾಧಿಕಾರಿ ತಿಮ್ಮಯ್ಯನವರು. ಹಿಮದ ಜೊತೆ ಈ ಸೀಮೆಗೆ ಹಳೆಯ ನಂಟು.

ಕಳೆದ ಚಳಿಗಾಲದಲ್ಲಿ ಅಕ್ಕನ ಮಗ ಗುಲ್ಮರ್ಗ್‌ನಿಂದ ಒಂದು ಫೋಟೋ ಕಳಿಸಿದ. ಎತ್ತರದ ಸೂಚಿಪರ್ಣಿ ಮರಗಳು, ಕೊಂಬೆಯ ಮೇಲೆಲ್ಲ ಹಿಮ. ಜೊತೆಗೊಂದು ಪ್ರಶ್ನೆ: "ಮಾವ, ಇಲ್ಲಿ ಕಣ್ಣು ಬಿಡೋಕೆ ಆಗದಷ್ಟು ಬೆಳ್ಳಗಿದೆ. ಫೋಟೋದಲ್ಲಿ ಮಾತ್ರ ಯಾಕೆ ಮಾಸಿದ ಪಂಚೆ ಥರ ಬರುತ್ತೆ?" ಹೂವಿನ ಕಾಲದಲ್ಲಿ ಸಿದ್ದಾಪುರ, ಗೋಣಿಕೊಪ್ಪದ ಕಡೆ ಕಾಫಿ ತೋಟ ನೋಡಲು ಬಂದವರೂ ಇದನ್ನೇ ಕೇಳುತ್ತಾರೆ. ಮೊಗ್ಗು ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯ ಥರದ ವಾಸನೆ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನ, ಅಷ್ಟೇ. ಆ ದಿನಗಳಲ್ಲಿ ತೆಗೆದ ಫೋಟೋ ಮಂಕಾಗಿ ಬಂದರೆ ಬೇಜಾರಾಗುತ್ತದೆ, ಅಲ್ವಾ?

ಕ್ಯಾಮೆರಾ ಕೆಟ್ಟಿಲ್ಲ. ಅದಕ್ಕೆ ಬಿಳಿ ಅಂದರೇನು ಅಂತ ಗೊತ್ತಿಲ್ಲ, ಅಷ್ಟೇ. ಅದರೊಳಗಿನ ಲೈಟ್ ಮೀಟರ್ ಅಳೆಯುವುದು ಒಳಗೆ ಬರುವ ಬೆಳಕನ್ನು. ಆ ಬೆಳಕು ಹಿಮದಿಂದ ಬಂತೋ, ಎಮ್ಮೆಯ ಬೆನ್ನಿನಿಂದ ಬಂತೋ ಅದಕ್ಕೆ ತಿಳಿಯದು. ಹಾಗಾಗಿ ಅದು ಒಂದು ಅಂದಾಜಿನ ಮೇಲೆ ನಡೆಯುತ್ತದೆ: ಎದುರಿಗಿರುವ ದೃಶ್ಯವನ್ನೆಲ್ಲ ಕಲಸಿದರೆ ನಡುಮಟ್ಟದ ಬೂದು ಬಣ್ಣ ಬರಬೇಕು. ಫೋಟೋಗ್ರಾಫರ್‌ಗಳು ಬಳಸುವ ಬೂದು ಕಾರ್ಡ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18% ವಾಪಸು ಕಳಿಸುತ್ತದೆ. ಮೀಟರ್‌ನ ಲೆಕ್ಕ ಹೆಚ್ಚುಕಡಿಮೆ ಅದರ ಸುತ್ತಲೇ ಇರುತ್ತದೆ. ಹೊಸದಾಗಿ ಬಿದ್ದ ಹಿಮ ವಾಪಸು ಕಳಿಸುವುದು 80ರಿಂದ 90%. ಮೀಟರ್ ಇದನ್ನು ನೋಡಿ, ಬೆಳಕು ತುಂಬ ಜಾಸ್ತಿ ಆಯಿತು ಅಂದುಕೊಂಡು ಕಡಿಮೆ ಮಾಡಿಬಿಡುತ್ತದೆ. ಹಿಮ ಬೂದು ಬಣ್ಣಕ್ಕೆ ಇಳಿಯುತ್ತದೆ.

ಸರಿಮಾಡುವುದು ಸುಲಭ. ಮೀಟರ್ ಹೇಳಿದ್ದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು ಒಂದರಿಂದ ಎರಡು ಸ್ಟಾಪ್ ಏರಿಸಬೇಕು. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು, ಎರಡು ಸ್ಟಾಪ್ ಅಂದರೆ ನಾಲ್ಕರಷ್ಟು. ಫೋನಿನಲ್ಲಾದರೆ ಹಿಮದ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದರೆ ಆಯಿತು.

ಆದರೆ ಬಿಳಿ ಕಂಡ ಕಡೆಯಲ್ಲೆಲ್ಲ ಹೀಗೆ ಏರಿಸಲು ಹೋಗಬೇಡಿ. ಸಿಲ್ವರ್ ಓಕ್ ನೆರಳಿನಲ್ಲಿ ಹೂ ತುಂಬಿದ ಒಂದೇ ಒಂದು ಕಾಫಿ ರೆಕ್ಕೆಯ (ಕೊಂಬೆಯ) ಮೇಲೆ ಬಿಸಿಲು ಬಿದ್ದಿದೆ, ಹಿಂದೆಲ್ಲ ಕಡು ಹಸಿರು ಎಲೆ ಅಂದುಕೊಳ್ಳಿ. ಈಗ ಫ್ರೇಮಿನಲ್ಲಿ ಕತ್ತಲೆಯೇ ಜಾಸ್ತಿ. ಮೀಟರ್ ಆ ಕತ್ತಲೆಯನ್ನು ಬೂದು ಮಾಡಲು ಬೆಳಕನ್ನು ಏರಿಸುತ್ತದೆ. ಹೂ ಉರಿದುಹೋಗುತ್ತದೆ. ಎಸಳಿನ ಗೆರೆ, ಕೇಸರ ಯಾವುದೂ ಉಳಿಯದೆ ಖಾಲಿ ಕಾಗದದಂಥ ಮಚ್ಚೆ ಬರುತ್ತದೆ. ಇಲ್ಲಿ ಒಂದು ಸ್ಟಾಪ್ ಇಳಿಸಬೇಕು. ಹೂವಿನ ಬಿಳಿ ಬದಲಾಗಿಲ್ಲ, ಫ್ರೇಮಿನಲ್ಲಿ ಅದು ಎಷ್ಟು ಜಾಗ ತುಂಬಿದೆ ಅನ್ನುವುದು ಬದಲಾಯಿತು.

ಉರಿದ ಬಿಳಿಯನ್ನು ಎಡಿಟ್ ಮಾಡುವಾಗ ವಾಪಸು ತರಲು ಆಗುವುದಿಲ್ಲ. ಸೆನ್ಸರ್‌ನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಪ್ರತಿ ಬಿಂದುವೂ ಇಂತಿಷ್ಟೇ ಬೆಳಕನ್ನು ಹಿಡಿದುಕೊಳ್ಳಬಲ್ಲದು. ತುಂಬಿದ ಮೇಲೆ ಬಂದದ್ದೆಲ್ಲ ಲೆಕ್ಕಕ್ಕಿಲ್ಲ. ತುಂಬುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿದರೆ ಮಾತ್ರ ಅಲ್ಲಿ ವಿವರ ಬೇಕಾದಷ್ಟು ಇರುತ್ತದೆ. 14 ಬಿಟ್‌ನ ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸಿದ ಫೈಲ್) ಬೆಳಕಿನ 16,384 ಮೆಟ್ಟಿಲುಗಳಿವೆ. ಅದರಲ್ಲಿ ಅರ್ಧ, ಅಂದರೆ 8,192 ಮೆಟ್ಟಿಲು, ಅತಿ ಬೆಳಕಿನ ಒಂದೇ ಸ್ಟಾಪ್‌ಗೆ ಸೇರುತ್ತವೆ. ಅದರ ಕೆಳಗಿನ ಸ್ಟಾಪ್‌ಗೆ 4,096. ಕೆಳಗಿಳಿದಂತೆ ಅರ್ಧರ್ಧ ಆಗುತ್ತ ಹೋಗುತ್ತದೆ. ಹಿಮ, ಹೂ, ಮಂಜು ಎಲ್ಲವೂ ಇರುವುದು ಈ ಮೇಲಿನ ಮೆಟ್ಟಿಲುಗಳಲ್ಲಿ. ಜೆಪೆಗ್ ಆಗಿ ಉಳಿಸಿದರೆ ಪ್ರತಿ ಬಣ್ಣಕ್ಕೆ ಒಟ್ಟು 256 ಮೆಟ್ಟಿಲು ಮಾತ್ರ. ಬಿಳಿಯ ಫೋಟೋ ತೆಗೆಯುವವರು ರಾ ಫೈಲ್‌ನಲ್ಲಿ ತೆಗೆಯುವುದೇ ಒಳ್ಳೆಯದು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಷ್ಟಕ್ಕೂ ಈ ಬಿಳಿ ಬರುವುದು ಎಲ್ಲಿಂದ? ಹಿಮದ ಹರಳನ್ನು ಒಂದೊಂದಾಗಿ ನೋಡಿದರೆ ಗಾಜಿನ ಹಾಗೆ ಪಾರದರ್ಶಕ. ಮಂಜಿನ ಹನಿಯೂ ಬರೀ ನೀರು. ಕಾಫಿ ಹೂವಿನ ಎಸಳಿನಲ್ಲಿ ಬಿಳಿ ಬಣ್ಣ ಅನ್ನುವ ವಸ್ತು ಇಲ್ಲ. ಉದುರಿದ ಒಂದು ಎಸಳನ್ನು ತೆಗೆದುಕೊಂಡು ಎರಡು ಬೆರಳ ನಡುವೆ ಗಟ್ಟಿಯಾಗಿ ಒತ್ತಿ ನೋಡಿ. ಒತ್ತಿದ ಜಾಗದಲ್ಲಿ ಬಿಳಿ ಹೋಗಿ, ಬೆರಳಿನ ಬಣ್ಣ ಅದರೊಳಗಿಂದ ಮಸುಕಾಗಿ ಕಾಣುತ್ತದೆ. ಎಸಳಿನ ಕೋಶಗಳ ನಡುವೆ ಸಣ್ಣ ಸಣ್ಣ ಗಾಳಿಯ ಜಾಗಗಳಿರುತ್ತವೆ. ಬೆಳಕು ಕೋಶದಿಂದ ಗಾಳಿಗೆ, ಗಾಳಿಯಿಂದ ಕೋಶಕ್ಕೆ ದಾಟುವಾಗಲೆಲ್ಲ ಸ್ವಲ್ಪ ಸ್ವಲ್ಪ ಚದುರುತ್ತದೆ. ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಚದುರುವುದರಿಂದ ನಮಗೆ ಬಿಳಿ ಕಾಣುತ್ತದೆ. ಒತ್ತಿದಾಗ ಆ ಗಾಳಿ ಹೊರಟುಹೋಗುತ್ತದೆ, ಅದರ ಜೊತೆ ಬಿಳಿಯೂ.

ಹಿಮದ ರಾಶಿಯಲ್ಲಿ ಹರಳುಗಳ ನಡುವೆ ನಡೆಯುವುದು ಇದೇ. ಮಂಜಿನಲ್ಲಿ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಹಾಗಾಗಿ ಅವೂ ಎಲ್ಲ ಬಣ್ಣವನ್ನು ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಬೇಸಿಗೆ ಮಳೆಯಲ್ಲಿ ಬೀಳುವ ಆಲಿಕಲ್ಲನ್ನು ಒಡೆದು ನೋಡಿದರೆ ಕೆಲವು ಪದರ ಹಾಲಿನಂತೆ, ಕೆಲವು ತಿಳಿಯಾಗಿ ಇರುತ್ತವೆ. ಹಾಲಿನಂಥ ಪದರದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರುತ್ತದೆ.

ಹೀಗೆ ಹುಟ್ಟಿದ ಬಿಳಿಗೆ ಸ್ವಂತ ಬಣ್ಣ ಇರುವುದಿಲ್ಲ. ಯಾವ ಬೆಳಕು ಬಿದ್ದರೂ ಅದನ್ನೇ ವಾಪಸು ಕೊಡುತ್ತದೆ. ಹಿಮದ ಕಾಡಿನ ಫೋಟೋ ಎಡಿಟ್ ಮಾಡುವವರಿಗೆ ಅತಿ ದೊಡ್ಡ ತಲೆನೋವು ಇಲ್ಲೇ ಶುರುವಾಗುತ್ತದೆ. ಬಿಸಿಲಿನ ದಿನ ಮರದ ನೆರಳು ಹಿಮದ ಮೇಲೆ ನೀಲಿಯಾಗಿ ಬರುತ್ತದೆ. ನೆರಳಿಗೆ ಸೂರ್ಯನ ನೇರ ಬೆಳಕು ಇಲ್ಲ. ಅಲ್ಲಿ ಬೀಳುವುದು ನೀಲಿ ಆಕಾಶದ ಬೆಳಕು ಮಾತ್ರ, ಹಿಮ ಅದನ್ನೇ ತೋರಿಸುತ್ತದೆ. ಅಲ್ಲಿ ನಿಂತವರಿಗೆ ಅಷ್ಟು ನೀಲಿ ಕಾಣುವುದಿಲ್ಲ, ಯಾಕೆಂದರೆ ನಮ್ಮ ಕಣ್ಣು ಮತ್ತು ಮಿದುಳು ಸುತ್ತಲಿನ ಬೆಳಕಿಗೆ ಹೊಂದಿಕೊಂಡು ಹಿಮವನ್ನು ಬಿಳಿ ಅಂತಲೇ ಒಪ್ಪಿಕೊಳ್ಳುತ್ತವೆ. ಮನೆಯಲ್ಲಿ ಕೂತು ಸ್ಕ್ರೀನ್ ನೋಡುವಾಗ ಆ ಹೊಂದಾಣಿಕೆ ಇರುವುದಿಲ್ಲ.

ಮಧ್ಯಾಹ್ನದ ಬಿಸಿಲಿನ ಬಣ್ಣದ ತಾಪ ಸುಮಾರು 5,500 ಕೆಲ್ವಿನ್. ತೆರೆದ ಆಕಾಶದ ಕೆಳಗಿನ ನೆರಳಿನದು 7,000 ದಾಟುತ್ತದೆ. ಈ ಅಂಕಿ ಏರಿದಷ್ಟೂ ಬೆಳಕು ನೀಲಿ. ಒಂದೇ ಫೋಟೋದಲ್ಲಿ ಎರಡೂ ಇವೆ. ಬಿಳಿಯನ್ನು ಬಿಳಿಯಾಗಿ ತೋರಿಸಲು ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್‌ನ ಸ್ಲೈಡರ್ ಮಾತ್ರ ಒಂದೇ. ನೆರಳಿನ ನೀಲಿ ಹೋಗಲಿ ಅಂತ ಅದನ್ನು ಎಳೆದರೆ ಬಿಸಿಲು ಬಿದ್ದ ಹಿಮ ಹಳದಿಯಾಗುತ್ತದೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಬಿಸಿಲು ಬಿದ್ದ ಹಿಮವನ್ನು ಬಿಳಿ ಮಾಡಿ, ನೆರಳಿನಲ್ಲಿ ನೀಲಿಯನ್ನು ಇರಲು ಬಿಡಿ. ತೀರಾ ಜಾಸ್ತಿ ಅನಿಸಿದರೆ ನೀಲಿಯ ಗಾಢತೆಯನ್ನಷ್ಟೇ ಒಂಚೂರು ತಗ್ಗಿಸಿ. ಚಳಿಯನ್ನು ಹೇಳುವುದು ಆ ನೀಲಿಯೇ. ಅದನ್ನು ಪೂರ್ತಿ ತೊಳೆದರೆ ಬಿಸಿಲು ಎಲ್ಲಿತ್ತು, ನೆರಳು ಎಲ್ಲಿತ್ತು ಅನ್ನುವುದೇ ಹೋಗುತ್ತದೆ. ಕಾಫಿ ತೋಟದಲ್ಲಿ ತೊಂದರೆ ನೀಲಿಯದಲ್ಲ, ಹಸಿರಿನದು. ಮೇಲಿನ ಎಲೆಗಳ ಮೂಲಕ ಸೋಸಿ ಬಂದ ಬೆಳಕು ಹೂವಿಗೆ ಹಸಿರು ಛಾಯೆ ಕೊಡುತ್ತದೆ. ಅದನ್ನು ತೆಗೆಯಲು ಕೆಲ್ವಿನ್ ಸ್ಲೈಡರ್ ಅಲ್ಲ, ಅದರ ಕೆಳಗಿನ, ಹಸಿರು ಛಾಯೆಯನ್ನು ಹೆಚ್ಚು ಕಡಿಮೆ ಮಾಡುವ ಟಿಂಟ್ ಸ್ಲೈಡರ್ ಬೇಕು.

ಇನ್ನು ಮಂಜಿನ ವಿಷಯ. ಮಳೆ ನಿಂತ ಬೆಳಿಗ್ಗೆ ಮಡಿಕೇರಿ ಹತ್ತಿರದ ಗಾಳಿಬೀಡು ಕಡೆ ಹೋದರೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್‌ಗಳ ಸಾಲು ಕಾಣುತ್ತದೆ. ಮೊದಲ ಸಾಲು ಕಪ್ಪಗೆ, ಎರಡನೆಯದು ಬೂದು, ಮೂರನೆಯದು ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಮರದಿಂದ ಹೊರಟ ಬೆಳಕು ದಾರಿಯಲ್ಲಿ ಸೋರಿಹೋಗುತ್ತದೆ, ಆಕಾಶದ ಬೆಳಕು ಮಂಜಿನಲ್ಲಿ ಚದುರಿ ಅದರ ಜೊತೆ ಸೇರಿಕೊಳ್ಳುತ್ತದೆ. ದೂರ ಹೆಚ್ಚಿದಂತೆ ಕಾಂಟ್ರಾಸ್ಟ್ ಒಂದೇ ಅನುಪಾತದಲ್ಲಿ ಕುಗ್ಗುತ್ತದೆ. 30 ಮೀಟರ್‌ಗೆ ಅರ್ಧವಾದರೆ, 60ಕ್ಕೆ ಕಾಲು, 90ಕ್ಕೆ ಎಂಟರಲ್ಲೊಂದು ಪಾಲು. ಕಾಡು ಎಷ್ಟು ಆಳ ಇದೆ ಅಂತ ಕಣ್ಣು ಓದುವುದು ಈ ಇಳಿಕೆಯಿಂದಲೇ. ಹಿಮ ಸುರಿಯುತ್ತಿರುವ ಕಾಡಿನಲ್ಲೂ ಇದೇ ಕಾಣುತ್ತದೆ.

ಎಡಿಟಿಂಗ್ ಆ್ಯಪ್‌ಗಳಲ್ಲಿ ಡಿಹೇಜ್ ಅಂತ ಒಂದು ಸ್ಲೈಡರ್ ಇದೆ. ಈ ಇಳಿಕೆಯನ್ನು ಲೆಕ್ಕಹಾಕಿ ಕಳೆಯುವುದು ಅದರ ಕೆಲಸ. ಇಂಥ ತಂತ್ರಗಳಲ್ಲಿ ತುಂಬ ಹೆಸರಾದದ್ದನ್ನು 2009ರಲ್ಲಿ ಕೈಮಿಂಗ್ ಹೆ, ಜಿಯಾನ್ ಸುನ್, ಶಿಯಾವೊಔ ಟಾಂಗ್ ಎಂಬ ವಿಜ್ಞಾನಿಗಳು ಕೊಟ್ಟರು. ಮೂಲ ವಿಚಾರ ಬಹಳ ಸರಳ. ಮಬ್ಬಿಲ್ಲದ ಹೊರಾಂಗಣದ ಫೋಟೋದಲ್ಲಿ ಆಕಾಶ ಬಿಟ್ಟು ಯಾವ ಸಣ್ಣ ಚೌಕವನ್ನು ತೆಗೆದುಕೊಂಡರೂ, ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದಾದರೂ ಎಲ್ಲೋ ಒಂದು ಕಡೆ ಕಪ್ಪಿನ ಹತ್ತಿರ ಇರುತ್ತದೆ: ಒಂದು ನೆರಳು, ಒಂದು ಎಲೆ, ಒಂದು ತೊಗಟೆ. ಆ ಕಪ್ಪೂ ಬೆಳ್ಳಗಾಗಿದ್ದರೆ ಅಷ್ಟು ಬಿಳುಪು ಮಬ್ಬಿನದು ಅಂತ ಲೆಕ್ಕ. ಆದರೆ ಹಿಮದ ನೆಲದಲ್ಲಿ ಕಪ್ಪೇ ಇಲ್ಲವಲ್ಲ! ಅಂಥ ಕಡೆ ಈ ವಿಧಾನ ಸೋಲುತ್ತದೆ ಅಂತ ಅದನ್ನು ಕಂಡುಹಿಡಿದವರೇ ಹೇಳಿದ್ದಾರೆ. ಹಿಮವನ್ನೇ ಮಬ್ಬು ಅಂದುಕೊಂಡು ಅದು ಕಳೆಯಲು ಹೋಗುತ್ತದೆ. ಹೂ ತುಂಬಿದ ತೋಟದಲ್ಲೂ ಅದೇ ಅಪಾಯ.

ಮಂಜಿನ ಫೋಟೋಗೆ ಡಿಹೇಜ್ ಹಾಕಿದ್ದನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮೂರು ಸಾಲು ಮರ ಒಂದೇ ಗೋಡೆಗೆ ಅಂಟಿಸಿದಂತೆ ಆಗಿಬಿಡುತ್ತವೆ. ಸುಮ್ನೆ ಮುಂದಿನ ಮರದ ಕಪ್ಪನ್ನು ಇನ್ನೊಂದಿಷ್ಟು ಗಟ್ಟಿ ಮಾಡಿ, ಹಿಂದಿನವನ್ನು ಮುಟ್ಟದೆ ಬಿಟ್ಟರೆ ಸಾಕು. ಕಪ್ಪು ಬಿಳುಪು ಮಾಡಬೇಕು ಅನಿಸಿದರೆ ಮಂಜಿನ ಫೋಟೋಗೆ ಮಾಡಿ, ಅಲ್ಲಿ ಕಳೆದುಕೊಳ್ಳಲು ಬಣ್ಣ ಜಾಸ್ತಿ ಇಲ್ಲ. ಕಾಫಿ ಹೂವಿಗೆ ಬೇಡ. ಎಲೆಯ ಆ ಹಸಿರು ಇಲ್ಲದೆ ಹೂವಿನ ಬಿಳಿ ನಿಲ್ಲುವುದಿಲ್ಲ.

ಎಡಿಟ್ ಮಾಡಿದರೆ ಸುಳ್ಳಾಗುತ್ತದೆಯೇ ಅನ್ನುವ ಜಗಳ ಹಿಮದ ಫೋಟೋಗಳಲ್ಲಿ ನೂರು ವರ್ಷಕ್ಕೂ ಹಳೆಯದು. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಮೈಕ್ರೋಸ್ಕೋಪ್‌ಗೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೋ ತೆಗೆದರು. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ 5,000ಕ್ಕೂ ಹೆಚ್ಚು ಚಿತ್ರಗಳಾಗಿದ್ದವು. ಹರಳಿನ ಅಂಚು ಹಿನ್ನೆಲೆಯಲ್ಲಿ ಕಲೆತುಹೋಗುತ್ತಿತ್ತು. ಅದಕ್ಕೆ ಅವರು ನೆಗೆಟಿವ್‌ನಲ್ಲಿ ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಪ್ರಿಂಟ್ ಹಾಕಿದಾಗ ಹಿನ್ನೆಲೆ ಕಪ್ಪಾಗಿ, ಹರಳು ಎದ್ದು ಕಾಣುತ್ತಿತ್ತು. ಜರ್ಮನಿಯ ಹವಾಮಾನ ತಜ್ಞ ಗುಸ್ಟಾವ್ ಹೆಲ್‌ಮನ್ ಇದನ್ನು ಆಕ್ಷೇಪಿಸಿದರು. ನಿಸರ್ಗಕ್ಕೆ ಹತ್ತಿರವಾಗಲು ತಿದ್ದುಪಡಿ ನೆರವಾದರೆ ಅದು ಸರಿ ಅನ್ನುವುದು ಬೆಂಟ್ಲಿಯವರ ವಾದ.

ಕೆರೆದದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಬೆಂಟ್ಲಿ ಚೆಂದದ, ಆರು ಮೂಲೆ ಸರಿಯಾಗಿರುವ ಹರಳುಗಳನ್ನೇ ಹುಡುಕಿ ಆರಿಸುತ್ತಿದ್ದರು. ನಿಜಕ್ಕೂ ಬೀಳುವ ಹರಳುಗಳಲ್ಲಿ ಹೆಚ್ಚಿನವು ಮುರಿದವು, ಸೊಟ್ಟವು. ಹಿಮ ಅಂದರೆ ಹೀಗೇ ಇರುತ್ತದೆ ಅನ್ನುವ ನಮ್ಮ ಕಲ್ಪನೆಯನ್ನು ಚಾಕುವಿಗಿಂತ ಆ ಆಯ್ಕೆಯೇ ಜಾಸ್ತಿ ತಿದ್ದಿದೆ. ಹೂ ತುಂಬಿದ ಒಂದೇ ಸಾಲನ್ನು ತೋರಿಸಿ ಇಡೀ ತೋಟ ಹೀಗಿದೆ ಅನ್ನುವ ಫೋಟೋಗೂ ಇದೇ ಮಾತು.

ಹಾಗಾಗಿ ಗೋಡೆಗೆ ಹಾಕುವ ಫೋಟೋ ಬೇರೆ, ತೋಟದವರಿಗೆ ಕೊಡುವ ಫೋಟೋ ಬೇರೆ. ಮಳೆ ಸಾಲದೆ ಹೋದರೆ ರೋಬಸ್ಟಾ ಮೊಗ್ಗು ಸರಿಯಾಗಿ ಅರಳದೆ ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ಸ್ಪ್ರಿಂಕ್ಲರ್ ನೀರು ಎಲ್ಲಿ ಮುಟ್ಟಿಲ್ಲ ಅಂತ ಬೆಳೆಗಾರರಿಗೆ ಗೊತ್ತಾಗುವುದು ಇಂಥ ಗುರುತುಗಳಿಂದ. ಫಿಲ್ಟರ್ ಒತ್ತಿ ಎಲ್ಲವನ್ನೂ ಹಾಲುಬಿಳಿ ಮಾಡಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ತೋಟದ ಲೆಕ್ಕಕ್ಕೆ ತೆಗೆಯುವುದಾದರೆ ಹೂವಿನ ಪಕ್ಕ ಒಂದು ಬೂದು ಕಾರ್ಡ್ ಇಟ್ಟು ಮೊದಲೊಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಎಡಿಟ್ ಮಾಡುವಾಗ ವೈಟ್ ಬ್ಯಾಲೆನ್ಸ್‌ನ ಡ್ರಾಪರ್ (ಬಣ್ಣ ಹೆಕ್ಕುವ ಗುರುತು) ಅನ್ನು ಆ ಕಾರ್ಡ್ ಮೇಲೆ ಒತ್ತಿ, ಬಂದ ಅಂಕಿಯನ್ನೇ ಉಳಿದ ಫೋಟೋಗಳಿಗೂ ಹಾಕಿ. ನೆರಳಿನಿಂದ ಬಿಸಿಲಿಗೆ ಬಂದಾಗ, ಮೋಡ ಮುಚ್ಚಿದಾಗ ಕಾರ್ಡಿನ ಫೋಟೋವನ್ನು ಹೊಸದಾಗಿ ತೆಗೆಯಬೇಕು. ಬೆಳಿಗ್ಗೆ ಏಳರ ಕಾರ್ಡ್ ಹನ್ನೊಂದರ ಹೂವಿಗೆ ಹೊಂದುವುದಿಲ್ಲ.